ಗೋಡೆಯಿಂದಿಳಿದ ಮುತ್ತಾತ

ಇಷ್ಟಕ್ಕೆಲ್ಲಾ ಕಾರಣ ಎರಡೇ ಪದ: ‘ಮತ್ತು ಪತಿ’.

ಹೆಂಡತಿಯ ಅಣ್ಣ ತನ್ನ ಮನೆತನದ ಇತಿಹಾಸ ಬರೆದು, ದಿಂಬಿನಷ್ಟು ದಪ್ಪದ ಪುಸ್ತಕ ಮಾಡಿ, ನೆಂಟರಿಗೆಲ್ಲಾ ಹಂಚಿದ್ದ. ಅದರಲ್ಲಿ ತಂಗಿಯ ಹೆಸರಿತ್ತು, ತಂಗಿಯ ಮಕ್ಕಳ ಹೆಸರಿತ್ತು, ತಂಗಿ ಚಿಕ್ಕವಳಿದ್ದಾಗ ಸಾಕಿದ್ದ ಬೆಕ್ಕಿನ ಹೆಸರೂ ಇತ್ತು. ತಂಗಿಯ ಗಂಡನ ಸರದಿ ಬಂದಾಗ ಮಾತ್ರ ‘ಮತ್ತು ಪತಿ’ ಎಂದು ಬರೆದು, ಮುಂದಿನ ಸಾಲಿಗೆ ಜಿಗಿದಿದ್ದ.

ಆ ‘ಮತ್ತು ಪತಿ’ ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತ. ಬಂದ ದೂರನ್ನು ಆದಷ್ಟು ದೂರ ಇಡುವುದು ಅವನ ಕೆಲಸ. ಇಪ್ಪತ್ತು ವರ್ಷ ಜನರಿಂದ ಬೈಸಿಕೊಂಡು ಚರ್ಮ ದಪ್ಪವಾಗಿದ್ದರೂ ಈ ಎರಡು ಪದ ಒಳಗೆ ಇಳಿದುಬಿಟ್ಟವು.

“ನಾನು ಬೆಕ್ಕಿಗಿಂತ ಕಡೆಯಾದೆನೇನೇ?” ಎಂದು ಹೆಂಡತಿಯನ್ನು ಕೇಳಿದ.

“ಆ ಬೆಕ್ಕು ಇಲಿ ಹಿಡೀತಿತ್ತು ರೀ” ಅಂದಳು ಆಕೆ.

ಅವತ್ತೇ ತೀರ್ಮಾನವಾಯಿತು. ತನ್ನ ಮನೆತನದ ಇತಿಹಾಸವನ್ನೂ ಬರೆಯಬೇಕು. ಮುಖಪುಟದ ಮೇಲೆ ‘ಬರೆದವರು’ ಎಂದು ಹಾಕಿ, ಅದರ ಕೆಳಗೆ ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ ತನ್ನ ಹೆಸರು ಇರಬೇಕು. ಅದೊಂದು ಆದರೆ ಸಾಕು, ಬೆಕ್ಕನ್ನೂ ಕ್ಷಮಿಸಬಹುದು.

ಅಲ್ಲಿಂದ ಅವನು ಬದುಕಿದ್ದವರನ್ನು ಹಿಡಿದು ಸತ್ತವರ ವಿಚಾರ ಕೇಳತೊಡಗಿದ. ಕಚೇರಿಯಲ್ಲಿ ‘ವಂಶೋದ್ಧಾರಕ’ ಎಂದು ಹೆಸರಿಟ್ಟರು. ಕರೆಯಲು ಉದ್ದವಾಯಿತೆಂದು ಅದು ‘ಉದ್ಧಾರಕ’ ಆಯಿತು. ಬೇರು ಹುಡುಕುವ ಭರದಲ್ಲಿ ಅವನಿಗೆ ಬೇರೇನೂ ಕಾಣದಾಯಿತು. “ಉದ್ಧಾರ ಆದ ಹಾಗೇ!” ಎಂದು ಹೆಂಡತಿ ದಿನವೂ ಒಮ್ಮೆ ಹೇಳಿ, ಹೆಸರನ್ನು ಗಟ್ಟಿ ಮಾಡಿದಳು.

ಕಷ್ಟವೇನೆಂದರೆ, ಅವನ ವಂಶ ಇಸ್ತ್ರಿ ಮಾಡಿದಷ್ಟು ಸಪಾಟಾಗಿತ್ತು. ಎಲ್ಲರೂ ಹುಟ್ಟಿದ್ದರು, ಮದುವೆಯಾಗಿದ್ದರು, ಒಂದಷ್ಟು ಕಾಲ ಕೆಮ್ಮಿ ಹೋಗಿದ್ದರು. ಒಬ್ಬ ಚಿಕ್ಕತಾತ ಮನೆ ಬಿಟ್ಟು ಓಡಿಹೋಗಿದ್ದನೆಂದು ಕೇಳಿ ಉದ್ಧಾರಕನಿಗೆ ಜೀವ ಬಂದಂತಾಯಿತು. ವಿಚಾರಿಸಿದರೆ ಆ ಮಹಾನುಭಾವ ಛತ್ರಿ ಮರೆತದ್ದಕ್ಕೆ ಸಂಜೆಯೇ ವಾಪಸು ಬಂದಿದ್ದನಂತೆ.

ಉಳಿದದ್ದು ಒಂದೇ ಆಸೆ: ಸೋದರತ್ತೆಯ ಮನೆ ಗೋಡೆಯ ಮೇಲಿದ್ದ ಮುತ್ತಾತ.

ಏನು ಫೋಟೋ ಅದು! ಭುಜದ ಮೇಲೆ ಜರಿಪಟ್ಟಿಯ ಕೋಟು, ಎದೆಯ ಮೇಲೆ ಪದಕ, ದುಂಡು ಮೇಜಿನ ಮೇಲಿಟ್ಟ ದಪ್ಪ ಪುಸ್ತಕದ ಮೇಲೆ ಒಂದು ಕೈ, ಹಿಂದೆ ಕಂಬಗಳ ನಡುವೆ ಮೇಲಕ್ಕೇರುವ ಮೆಟ್ಟಿಲು, ಮತ್ತು ಎರಡು ಕಡೆಯಿಂದ ಕಿವಿಗೆ ಗುಟ್ಟು ಹೇಳುವಂತೆ ಎದ್ದು ನಿಂತ ಮೀಸೆ. ಈ ಮುತ್ತಾತನ ಬಗ್ಗೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಹೆಸರು ಕೂಡ. ಸಂಶೋಧಕನಿಗೆ ಇದಕ್ಕಿಂತ ಅನುಕೂಲ ಬೇರೊಂದಿಲ್ಲ. ಜರಿಪಟ್ಟಿ ನೋಡಿ ಸೇನಾನಿ ಅಂದ. ಪುಸ್ತಕ ನೋಡಿ ವಿದ್ವಾಂಸ ಅಂದ. ಮೆಟ್ಟಿಲು ನೋಡಿ ಅರಮನೆಯಂಥ ಮನೆ ಕಟ್ಟಿಸಿದ. ಪದಕಕ್ಕೊಂದು ಕಾರಣ ಬೇಕಲ್ಲ, ತುಂಬಿ ಹರಿಯುವ ನದಿಯನ್ನು ಇರುಳಲ್ಲಿ ಈಜಿಸಿ, ಶತ್ರುಗಳ ಸೇತುವೆ ಮುರಿಸಿ, ಬೆಳಗಾಗುವಷ್ಟರಲ್ಲಿ ಒದ್ದೆ ಮೀಸೆಯೊಡನೆ ವಾಪಸು ಕರೆತಂದ. ಅಧ್ಯಾಯ ಓದಿ ತನಗೇ ಮೈ ಜುಂ ಎಂದಿತು.

ಪುಸ್ತಕದ ಕರಡು ಆಗಲೇ ಪ್ರೆಸ್ಸಿನಲ್ಲಿತ್ತು. ಮುಖಪುಟಕ್ಕೆ ಆ ಫೋಟೋ ಒಂದೇ ಬಾಕಿ. ಪ್ರೆಸ್ಸಿನ ಯಜಮಾನ ಖಡಾಖಂಡಿತ ಹೇಳಿದ್ದ: “ಇವತ್ತು ಸಂಜೆಯೊಳಗೆ ಫೋಟೋ ಬರ್ಬೇಕು ಸಾರ್. ನಾಳೆಯಿಂದ ಮದುವೆ ಕಾರ್ಡುಗಳ ಕಾಲ, ಮಷಿನ್ ಸಿಗಲ್ಲ. ಆಮೇಲೆ ನಿಮ್ಮ ಮುತ್ತಾತ ಮುಂದಿನ ವರ್ಷವೇ ಹುಟ್ಬೇಕು.”

ಹಾಗಾಗಿ ಬೆಳಗ್ಗೆಯೇ ಉದ್ಧಾರಕ ಸೋದರತ್ತೆಯ ಮನೆಯಲ್ಲಿ ಸ್ಟೂಲ್ ಹತ್ತಿ ನಿಂತಿದ್ದ.

“ಹುಷಾರು ಕಣೋ, ನಮ್ಮಪ್ಪ ಹೊಡೆದ ಮೊಳೆ ಅದು” ಎಂದು ಕೆಳಗೆ ಕುರ್ಚಿಯಲ್ಲಿ ಕೂತ ಅತ್ತೆ ಊರುಗೋಲಿನಿಂದ ದಾರಿ ತೋರಿಸುತ್ತಿದ್ದಳು.

“ಮೊಳೆ ಇಲ್ಲೇ ಇರುತ್ತೆ ಅತ್ತೆ. ಫೋಟೋ ಮಾತ್ರ ತಗೊಂಡು ಹೋಗ್ತೀನಿ.”

“ಕತ್ತಲಾಗೋದ್ರೊಳಗೆ ವಾಪಸ್ ಬರ್ಬೇಕು. ನಮ್ಮ ತಾತ ಒಂದು ದಿನಾನೂ ಮನೆ ಬಿಟ್ಟು ಹೋದೋರಲ್ಲ.”

“ಯುದ್ಧಕ್ಕೆ ಹೋಗಿದ್ರು ಅಂತ ಬರ್ದಿದೀನಲ್ಲ ಅತ್ತೆ?”

“ಅದು ಬದುಕಿದ್ದಾಗ. ಗೋಡೆ ಮೇಲೆ ಬಂದ್ಮೇಲೆ ಎಲ್ಲೂ ಹೋಗಿಲ್ಲ.”

ಫೋಟೋ ಇಳಿಯಿತು. ಹಿಂದಿನ ಗೋಡೆ ಚೌಕವಾಗಿ ಬೆಳ್ಳಗಿತ್ತು. ಅಲ್ಲಿದ್ದ ಹಲ್ಲಿ ಬಾಡಿಗೆ ಮನೆ ಖಾಲಿ ಮಾಡುವವರ ಮುಖ ಮಾಡಿಕೊಂಡು ಕಿಟಕಿಯತ್ತ ಹೊರಟಿತು. ಉದ್ಧಾರಕ ಮುತ್ತಾತನನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಕಂಕುಳಲ್ಲಿ ಸಿಕ್ಕಿಸಿಕೊಂಡು ಬಸ್ ಸ್ಟಾಪಿನತ್ತ ಓಡಿದ.

ಮುತ್ತಾತ ಭಾರವಾಗಿದ್ದ. ಬೆಡ್‌ಶೀಟು ನುಣುಪಾಗಿತ್ತು. ಬಸ್ ಸ್ಟಾಪಿನ ಎದುರು ಮನೆಯ ಮೇಷ್ಟ್ರು ಗೇಟಿನ ಬಳಿ ನಿಂತು ಪೇಪರ್ ಓದುತ್ತಿದ್ದಾಗಲೇ ಬೆಡ್‌ಶೀಟು ಜಾರಿ, ಮೀಸೆ ಹೊರಬಂತು. ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ತಪ್ಪು ಹುಡುಕಲು ಮಕ್ಕಳು ಸಿಗದೆ, ಬೀದಿಯಲ್ಲಿ ಹೋಗುವವರನ್ನೇ ನೋಡುತ್ತಿದ್ದರು.

“ಏಯ್! ನಿಂತ್ಕೋ! ಕಳ್ಳ!”

“ಮೇಷ್ಟ್ರೇ, ನಾನು. ಹಿಂದಿನ ಬೀದಿಯವನು.”

“ಹಿಂದಿನ ಬೀದಿಯವನಾದ್ರೆ ಹಿಂದಿನ ಬಾಗಿಲಿಂದ ಬರೋದಾ? ಬಿಡಯ್ಯಾ ನಮ್ಮ ತಾತನ್ನ!”

ಮೇಷ್ಟ್ರು ಫ್ರೇಮಿನ ಒಂದು ಅಂಚು ಹಿಡಿದು ಎಳೆದರು. ಉದ್ಧಾರಕ ಇನ್ನೊಂದು ಅಂಚು ಹಿಡಿದ. ನಡುವೆ ಮುತ್ತಾತ ಇಬ್ಬರನ್ನೂ ಒಂದೇ ಗಾಂಭೀರ್ಯದಿಂದ ನೋಡುತ್ತಾ ಆ ಕಡೆ ಈ ಕಡೆ ಓಡಾಡಿದ. ಅಷ್ಟರಲ್ಲಿ ಒಳಗಿನಿಂದ ಸೊಸೆ ಕೂಗಿದಳು: “ಮಾವಾ, ನಮ್ಮ ಫೋಟೋ ಇಲ್ಲೇ ಗೋಡೆ ಮೇಲಿದೆ!”

ಮೇಷ್ಟ್ರು ಕೈ ಬಿಟ್ಟರು. ಹೇಳಿ ಕೈ ಬಿಡಬಹುದಿತ್ತು. ಉದ್ಧಾರಕ ಹಿಮ್ಮುಖವಾಗಿ ಮೂರು ಹೆಜ್ಜೆ ಓಡಿ, ಬೇಲಿಗಿಡದೊಳಗೆ ಕೂತ. ಗಾಜು ಚಟ್ ಎಂದು ಮುತ್ತಾತನ ಹಣೆಯಿಂದ ಪದಕದವರೆಗೆ ಸೀಳಿತು.

“ನಮ್ಮದು ಒಳಗಿದ್ರೆ ಇದ್ಯಾವುದು?” ಮೇಷ್ಟ್ರು ಬೇಲಿಯೊಳಗೆ ಬಗ್ಗಿ ನೋಡಿದರು. “ಅದೇ ಕೋಟು, ಅದೇ ಮೀಸೆ. ನಮ್ಮ ತಾತ ನಿಮ್ಮ ಮನೇಲಿ ಏನು ಮಾಡ್ತಿದ್ರು?”

“ನಿಮ್ಮ ತಾತ ಅಲ್ಲ ಮೇಷ್ಟ್ರೇ. ನಮ್ಮ ಮುತ್ತಾತ. ಪುಸ್ತಕಾನೇ ಬರ್ದಿದೀನಿ, ಬೇಕಾದ್ರೆ ಗಡಿಯಾರದ ಕಂಬದ ಹಿಂದಿನ ಪ್ರೆಸ್ಸಲ್ಲಿ ಕೇಳಿ.”

ಇಬ್ಬರ ತಲೆಯೊಳಗೂ ಒಂದೇ ಸಂಶಯ ಒಂದೇ ಹೊತ್ತಿಗೆ ಬಾಗಿಲು ತಟ್ಟಿತು. ಮೇಷ್ಟ್ರು ಸೊಸೆಗೆ ಕೇಳದಂತೆ ದನಿ ಇಳಿಸಿದರು.

“ಅಂದ್ರೆ... ಮುದುಕ ಎರಡು ಮನೆ ಇಟ್ಟಿದ್ನಾ?”

“ಛೇ ಛೇ! ಅಂಥ ವಿದ್ವಾಂಸರು...”

“ನಮ್ಮದು ಮೊದಲನೇ ಮನೆ. ಅದನ್ನ ಮಾತ್ರ ಈಗಲೇ ಹೇಳಿಬಿಡ್ತೀನಿ.”

“ಅದು ಹ್ಯಾಗೆ ಹೇಳ್ತೀರಿ?”

“ನಮ್ಮದು ಸ್ವಂತ ಮನೆ, ನಿಮ್ಮದು ಬಾಡಿಗೆ ಮನೆ. ಇನ್ನೇನು ಬೇಕಯ್ಯಾ ಸಾಕ್ಷಿ?”

ಬಸ್ಸಿನಲ್ಲಿ ಉದ್ಧಾರಕನಿಗೆ ಕೂರಲು ಜಾಗ ಸಿಕ್ಕಿದರೂ ಕೂರಲಾಗಲಿಲ್ಲ. ಬೇಲಿಮುಳ್ಳು ಒಂದು ಕಾರಣ, ಎರಡನೇ ಮನೆ ಇನ್ನೊಂದು. ಸೇತುವೆ ಮುರಿದು ಬಂದ ಮುತ್ತಾತ ನೇರ ಯಾವ ಮನೆಗೆ ಬಂದ? ಒದ್ದೆ ಬಟ್ಟೆ ಎಲ್ಲಿ ಬದಲಾಯಿಸಿದ? ಅಧ್ಯಾಯದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಕಚೇರಿ ಸೇರಿದಾಗ ತಡವಾಗಿತ್ತು. ಒಡೆದ ಗಾಜಿನ ಮುತ್ತಾತನನ್ನು ಮೇಜಿನ ಪಕ್ಕ ಗೋಡೆಗೆ ಒರಗಿಸಿ, ಬೆಡ್‌ಶೀಟು ಹೊದಿಸುವಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ಸಾಹೇಬರೆಂದರೆ, ನಲ್ಲಿಗಳೂ ಅವರನ್ನು ಕಂಡರೆ ತೊಟ್ಟಿಕ್ಕುವುದನ್ನು ನಿಲ್ಲಿಸುತ್ತವೆ ಎಂದು ಕಚೇರಿಯಲ್ಲಿ ಪ್ರತೀತಿ.

“ರೀ ಉದ್ಧಾರಕ, ಇದೇನ್ರೀ ಟೈಮು? ಕಾರಣ ಕೇಳಿ ನೋಟೀಸ್...” ಎಂದು ಆರಂಭಿಸಿದ ಸಾಹೇಬರ ಬಾಯಿ ಅಲ್ಲೇ ನಿಂತಿತು. ಕಣ್ಣು ಫೋಟೋದ ಮೇಲಿತ್ತು. “ನಮ್ಮ ತಾತನ್ನ ಆಫೀಸಿಗೆ ಯಾಕ್ರೀ ತಂದ್ರಿ?”

ಉದ್ಧಾರಕನ ಗಂಟಲು ಬೇಸಿಗೆಯ ನಲ್ಲಿಯಂತೆ ಬರೀ ಗಾಳಿ ಬಿಟ್ಟಿತು.

ಸಾಹೇಬರು ಅಲ್ಲೇ ನಿಂತು ಮನೆಗೆ ಫೋನ್ ಮಾಡಿದರು. “ಏ, ಹಾಲ್‌ನ ಗೋಡೆ ನೋಡು... ಗೋಡೆ ಕಣೇ, ಗೋಡೆ! ಅದರ ಮೇಲೆ ಇದ್ದಾರಾ?... ನಾನಲ್ಲ, ನಾನು ಆಫೀಸಲ್ಲಿದೀನಿ! ತಾತ!... ಇದ್ದಾರಾ? ಸರಿಯಾಗಿ ನೋಡಿದ್ಯಾ?... ಹೂಂ.” ಫೋನ್ ಇಟ್ಟು, ಉದ್ಧಾರಕನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ಅಳೆದರು. “ಒಳಗೆ ಬನ್ನಿ. ಫೋಟೋನೂ ತನ್ನಿ. ಬಾಗಿಲು ಹಾಕಿ.”

ಒಳಗೆ ಹೋದವನು ತನ್ನ ಅಧ್ಯಾಯದ ಪ್ರತಿಯನ್ನು ಚೀಲದಿಂದ ತೆಗೆದು ಮುಂದಿಟ್ಟ. ಸಾಹೇಬರು ಓದುತ್ತಾ ಹೋದರು. ನದಿ ದಾಟುವಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ಸೇತುವೆ ಮುರಿಯುವಲ್ಲಿ ಮೇಜು ಗುದ್ದಿದರು.

“ನೋಡಿದ್ರಾ? ನಾನ್ಯಾಕೆ ನೀರಿನ ಇಲಾಖೆಗೆ ಬಂದೆ ಅಂತ ಇಷ್ಟು ವರ್ಷ ಗೊತ್ತಿರ್ಲಿಲ್ಲ ಕಣ್ರೀ. ನಮ್ಮ ರಕ್ತದಲ್ಲೇ ನೀರಿದೆ! ಯಾರ್ರೀ ಬರೆದದ್ದು?”

“ನಾನೇ ಸಾರ್” ಎಂದ ಉದ್ಧಾರಕ, ಎದೆಯುಬ್ಬಿಸಿ.

“ಅದಿರ್ಲಿ. ಎಲ್ಲಿ ಪ್ರಿಂಟ್ ಆಗ್ತಿದೆ?”

ಹೇಳಿದ. ಸಾಹೇಬರು ಅಧ್ಯಾಯವನ್ನು ಮಡಿಸಿ ತಮ್ಮ ಜೇಬಿಗಿಟ್ಟುಕೊಂಡು, ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. “ಹೆದರ್ಕೋಬೇಡಿ. ನಿಮ್ಮದು ಎರಡನೇ ಮನೆ ಅನ್ನೋ ವಿಷಯ ನನ್ನ ಬಾಯಿಂದ ಹೊರಗೆ ಹೋಗಲ್ಲ. ಇನ್ಮೇಲೆ ನನ್ನನ್ನ ಅಣ್ಣ ಅಂತ ಕರೀಬಹುದು. ಆಫೀಸ್ ಟೈಮಲ್ಲಿ ಬೇಡ.”

ಟೀ ಬಂದು ಬಾಗಿಲು ತೆರೆದಾಗ ಹೊರಗೆ ಕಿವಿಯಿಟ್ಟಿದ್ದ ಟೈಪಿಸ್ಟ್ ಅಕ್ಕ ತಪ್ಪಿಸಿಕೊಳ್ಳಲು ಪುರುಸೊತ್ತಾಗದೆ, ಫೋಟೋವನ್ನು ನೋಡಿ ಕಿರುಚಿದಳು: “ಅಯ್ಯೋ, ನಮ್ಮಮ್ಮನ ಮನೆ ಅಜ್ಜ!” ಟೀ ತಂದ ಕ್ಯಾಂಟೀನಿನವನು ಲೋಟ ಇಟ್ಟು, ಮುತ್ತಾತನಿಗೆ ಕೈಮುಗಿದು, “ನಮ್ಮ ದೊಡ್ಡಪ್ಪನ ಮನೇಲೂ ಇದಾರೆ ಸಾರ್, ನಮ್ಮೋರೇ” ಎಂದ. ಸಾಹೇಬರ ಕೈ ಉದ್ಧಾರಕನ ಹೆಗಲಿನಿಂದ ಜಾರಿ ಕುರ್ಚಿ ಹಿಡಿಯಿತು. ಅವರ ಲೆಕ್ಕದಲ್ಲಿ ಎರಡು ಮನೆ ನಾಲ್ಕಾಗಿತ್ತು, ಮೇಷ್ಟ್ರನ್ನು ಸೇರಿಸಿದರೆ ಐದು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಮುತ್ತಾತನ ಸಂಸಾರಕ್ಕೆ ಬೇರೆಯೇ ಪೈಪ್‌ಲೈನ್ ಹಾಕಬೇಕಾಗಬಹುದೆಂದು ಉದ್ಧಾರಕ ಬೆವರಿದ. ಊಟದ ಬಿಡುವು ಆಗುತ್ತಲೂ ಫೋಟೋ ಎತ್ತಿಕೊಂಡು ಹೊರಬಿದ್ದ. ಒಡೆದ ಗಾಜಿನೊಡನೆ ಮುಖಪುಟಕ್ಕೆ ಹೋಗುವಂತಿರಲಿಲ್ಲ. ಅತ್ತೆಯ ಮುಂದೆ ಹೋಗುವಂತಂತೂ ಇರಲೇ ಇಲ್ಲ.

ಮಾರುಕಟ್ಟೆಯ ಮೂಲೆಯಲ್ಲಿ ಫ್ರೇಮು ಹಾಕುವ ಹಳೇ ಅಂಗಡಿಯೊಂದಿತ್ತು. ಅಂಗಡಿಯವನು ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಯಾರದೋ ಮದುವೆ ಫೋಟೋಗೆ ಅಂಚು ಹೊಡೆಯುತ್ತಿದ್ದ. ಬೆಡ್‌ಶೀಟು ತೆಗೆದದ್ದೇ, ಮೊಳೆಗಳನ್ನು ಅಂಗೈಗೆ ಉಗುಳಿ, ಮುಖವರಳಿಸಿದ.

“ಓಹೋ, ಬಂದ್ರಾ! ಬನ್ನಿ ಬನ್ನಿ.”

“ನನ್ನ ಪರಿಚಯ ಇದೆಯಾ ನಿಮಗೆ?”

“ನಿಮ್ಮನ್ನಲ್ಲ ಸಾರ್. ಇವರನ್ನ.” ಅಂಗಡಿಯವನು ಫೋಟೋ ಕೈಗೆತ್ತಿಕೊಂಡ. “ನಮ್ಮ ತಾತ.”

ಉದ್ಧಾರಕ ಸ್ಟೂಲಿನ ಮೇಲೆ ಕುಸಿದ. ಮುಳ್ಳಿನ ನೆನಪಾಗಿ ಮತ್ತೆ ಎದ್ದ. “ನಿಮ್ಮದೂನಾ? ನಿಮ್ಮದು ಎಷ್ಟನೇ ಮನೆ?”

“ಮನೆ ಒಂದೇ ಸಾರ್, ಇದೇ ಅಂಗಡಿ ಹಿಂದೆ. ಯಾಕೆ?”

ಉದ್ಧಾರಕ ಬೆಳಗಿನಿಂದ ಆದದ್ದನ್ನೆಲ್ಲಾ ಒಂದೇ ಉಸಿರಿನಲ್ಲಿ ಹೇಳಿದ. ಅಂಗಡಿಯವನು ಮೊದಲು ತುಟಿ ಕಚ್ಚಿಕೊಂಡ, ಆಮೇಲೆ ಹೊಟ್ಟೆ ಹಿಡಿದುಕೊಂಡ, ಕೊನೆಗೆ ಮೇಜು ಹಿಡಿದುಕೊಂಡ.

“ಎರಡನೇ ಮನೇನಾ? ಪಾಪ, ಒಂದನ್ನ ಸಾಕೋದೇ ಅವರಿಗೆ ಕಷ್ಟವಾಗಿತ್ತು! ಸಾರ್, ಇದು ಸ್ಯಾಂಪಲ್.”

“ಏನು?”

“ಸ್ಯಾಂಪಲ್ ಸಾರ್. ಖಾಲಿ ಫ್ರೇಮು ತೂಗುಹಾಕಿದ್ರೆ ಯಾರು ಕೊಳ್ತಾರೆ? ಅದಕ್ಕೇ ನಮ್ಮಪ್ಪ ತನ್ನ ಅಪ್ಪನ್ನ ಒಂದು ಸಲ ಸ್ಟುಡಿಯೋಗೆ ಕರ್ಕೊಂಡ್ಹೋಗಿ ಫೋಟೋ ಹೊಡೆಸಿ, ನೂರಾರು ಪ್ರತಿ ಹಾಕಿಸಿ, ಎಲ್ಲಾ ಫ್ರೇಮಿಗೂ ಒಂದೊಂದು ಇಟ್ಬಿಟ್ರು. ಕೊಂಡೋರು ಮನೆಗೆ ಹೋಗಿ ಇದನ್ನ ತೆಗೆದು ಅವರ ಫೋಟೋ ಹಾಕ್ಕೋಬೇಕು. ಬಹಳ ಜನ ಹಾಕ್ಕೊಂಡ್ರು. ಕೆಲವರು ಹಂಗೇ ಮೊಳೆಗೆ ಸಿಕ್ಕಿಸಿಬಿಟ್ರು.”

“ಆದ್ರೆ ಆ ಕೋಟು? ಸೇನಾನಿ ಕೋಟು?”

“ಬ್ಯಾಂಡ್‌ಸೆಟ್ ಕೋಟು ಸಾರ್. ನಮ್ಮ ತಾತ ಡೋಲು ಬಾರಿಸ್ತಿದ್ರು. ಎದೆ ಮೇಲಿರೋದು ಬ್ಯಾಂಡ್ ಕಂಪನಿ ಬಿಲ್ಲೆ.”

“ಮೆಟ್ಟಿಲು?”

“ಪರದೆ ಮೇಲೆ ಬರೆದಿದ್ದು. ಹತ್ತಿದ್ರೆ ಹರಿದುಹೋಗುತ್ತೆ.”

“ಪುಸ್ತಕ?”

“ಸ್ಟುಡಿಯೋದವನ ಆಲ್ಬಮ್ಮು. ತಾತನಿಗೆ ಓದೋಕೆ ಬರ್ತಿರ್ಲಿಲ್ಲ.”

ಉದ್ಧಾರಕ ಮುಳುಗುವವನಂತೆ ಕೊನೆಯದನ್ನು ಹಿಡಿದ. “ಮೀಸೆ? ಮೀಸೆಯಾದ್ರೂ...”

“ಪೆನ್ಸಿಲಲ್ಲಿ ತಿದ್ದಿದ್ದು ಸಾರ್. ಅಜ್ಜಿ ಬಿಡ್ತಿರ್ಲಿಲ್ಲ.”

ಒಬ್ಬ ಸೇನಾನಿ, ಒಬ್ಬ ವಿದ್ವಾಂಸ, ಒಂದು ಅರಮನೆ, ಒಂದು ಜೊತೆ ಮೀಸೆ, ಎಲ್ಲವೂ ಒಂದೇ ನಿಮಿಷದಲ್ಲಿ ತೀರಿಕೊಂಡವು. ಉದ್ಧಾರಕ ತಲೆಯ ಮೇಲೆ ಕೈಹೊತ್ತು ನಿಂತ.

“ನಿಮ್ಮ ತಾತನ ಹತ್ರ ಅವರಪ್ಪನ ಫೋಟೋನೇ ಇರ್ಲಿಲ್ಲ ಅನ್ಸುತ್ತೆ” ಎಂದ ಅಂಗಡಿಯವನು, ಈ ಸಲ ನಗದೆ. “ಫ್ರೇಮು ಕೊಂಡ್ರು, ಮೊಳೆ ಹೊಡೆದ್ರು, ಒಳಗೆ ಹಾಕೋಕೆ ಏನೂ ಇರ್ಲಿಲ್ಲ. ಬರೀ ಗೋಡೆ ನೋಡೋದಕ್ಕಿಂತ ಯಾರೋ ಒಬ್ರು ಇರ್ಲಿ ಅಂತ ಬಿಟ್ಟಿರ್ತಾರೆ. ಅದಕ್ಯಾಕೆ ಬೇಜಾರು? ಅದಿರ್ಲಿ, ನಮ್ಮ ತಾತನ ಬಗ್ಗೆ ಏನು ಬರ್ದಿದೀರಿ, ಹೇಳಿ ನೋಡೋಣ.”

ಅಧ್ಯಾಯ ಸಾಹೇಬರ ಜೇಬಿನಲ್ಲಿದ್ದರೂ ಉದ್ಧಾರಕನಿಗೆ ಬಾಯಿಪಾಠವಾಗಿತ್ತು. ಹೇಳಿದ. ನದಿ ದಾಟುವಲ್ಲಿ ಅಂಗಡಿಯವನ ಕಣ್ಣಲ್ಲೂ ನೀರು.

“ಎಷ್ಟು ಚೆನ್ನಾಗಿ ಬದುಕಿದಾರೆ ಸಾರ್, ನಿಮ್ಮ ಪುಸ್ತಕದಲ್ಲಿ! ಮನೇಲಿ ದಿನಾ ಅಜ್ಜಿ ಕೈಲಿ ಬೈಸ್ಕೊಂಡೇ ಹೋದ್ರು.”

“ನೋಡಿ, ಈ ವಿಷಯ ಯಾರಿಗೂ ಹೇಳ್ಬೇಡಿ. ಕೈ ಮುಗೀತೀನಿ.”

“ಇಷ್ಟು ವರ್ಷ ಯಾರೂ ಕೇಳಿಲ್ಲ ಸಾರ್, ನಾನೂ ಹೇಳಿಲ್ಲ. ಗಾಜು ಹಾಕ್ತೀನಿ. ಹಿಂದಿನ ಹಲಗೆ ಹಾಳಾಗಿದೆ, ಅಂಟು ಒಣಗ್ಬೇಕು. ಸಂಜೆ ಪ್ರೆಸ್ಸಿಗೆ ನಾನೇ ತಂದುಕೊಡ್ತೀನಿ, ಹೋಗಿ.”

ಕಚೇರಿಗೆ ವಾಪಸು ಬಂದ ಉದ್ಧಾರಕ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನಲ್ಲಿಯಲ್ಲಿ ನೀರಿಲ್ಲವೆಂದು ದೂರು ತಂದ ಹೆಂಗಸಿಗೆ “ಈಜಿಕೊಂಡು ಬನ್ನಿ” ಎಂದುಬಿಟ್ಟ. ಅಧ್ಯಾಯ ತೆಗೆದುಹಾಕೋಣವೇ? ತೆಗೆದರೆ ಉಳಿಯುವುದು ಕೆಮ್ಮು ಮತ್ತು ಛತ್ರಿ. ಅಷ್ಟಕ್ಕೆ ಯಾರು ಮುಖಪುಟ ತಿರುವುತ್ತಾರೆ? ಇಟ್ಟುಕೊಳ್ಳೋಣವೇ? ಇಟ್ಟುಕೊಂಡರೆ ಡೋಲು ಬಾರಿಸುವವನನ್ನು ಸೇನಾನಿ ಮಾಡಿದ ಸುಳ್ಳ ತಾನು. ಆದರೆ ಸುಳ್ಳನ ಹೆಸರೂ ಅಚ್ಚಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಫೋಟೋದಲ್ಲಿರುವವನು ಯಾರಾದರೇನು, ಬರೆದವನು ತಾನೇ ತಾನೆ? ಹೀಗೆ ಮನಸ್ಸಾಕ್ಷಿಯ ದೂರನ್ನೂ ಅಭ್ಯಾಸಬಲದಿಂದ ದೂರ ಇಟ್ಟು, ಬೇಗ ಹೊರಡಲು ಸಾಹೇಬರ ಅನುಮತಿ ಕೇಳಲು ಹೋದರೆ ಅವರ ಕೋಣೆಗೆ ಬೀಗ. ಟೈಪಿಸ್ಟ್ ಅಕ್ಕನ ಕುರ್ಚಿಯೂ ಖಾಲಿ. ಟೀ ಕೂಡ ಬರಲಿಲ್ಲ.

ಸಂಜೆ ಗಡಿಯಾರದ ಕಂಬದ ಹಿಂದಿನ ಓಣಿಗೆ ಕಾಲಿಟ್ಟಾಗ ಪ್ರೆಸ್ಸಿನ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಮಷಿನ್ನು ದಡಬಡ ಎನ್ನುತ್ತಿತ್ತು. ಗೋಡೆಗೆ ಸಾಲಾಗಿ ಒರಗಿಸಿದ ಫ್ರೇಮುಗಳು, ಒಂದೊಂದರಲ್ಲೂ ಅದೇ ಕೋಟು, ಅದೇ ಮೆಟ್ಟಿಲು, ಅದೇ ಪೆನ್ಸಿಲ್ ಮೀಸೆ. ಮುತ್ತಾತಂದಿರು ರೇಷನ್ನಿಗೆ ನಿಂತಂತಿತ್ತು. ಅವರೆದುರು ಸಾಹೇಬರು, ಮೇಷ್ಟ್ರು, ಟೈಪಿಸ್ಟ್ ಅಕ್ಕನ ಅಮ್ಮ, ಕ್ಯಾಂಟೀನಿನವನ ದೊಡ್ಡಪ್ಪ, ಇನ್ನೂ ಯಾರುಯಾರೋ. ಜಗಳವಾಡುತ್ತಿರಬೇಕಾದವರು ಒಬ್ಬರಿಗೊಬ್ಬರು ಟೀ ಲೋಟ ದಾಟಿಸುತ್ತಿದ್ದರು.

“ಬನ್ನಿ ಸಾರ್, ಬನ್ನಿ!” ಪ್ರೆಸ್ಸಿನ ಯಜಮಾನ ಶಾಯಿ ಕೈಯಲ್ಲೇ ಅವನನ್ನು ಒಳಗೆಳೆದ. “ನಿಮ್ಮಿಂದ ನನಗೆ ಒಳ್ಳೇ ಕೆಲಸ ಸಿಕ್ತು. ಮಧ್ಯಾಹ್ನದಿಂದ ಒಬ್ಬೊಬ್ಬರೇ ಬರ್ತಾನೇ ಇದಾರೆ, ಎಲ್ಲರಿಗೂ ಪುಸ್ತಕ ಬೇಕಂತೆ.”

ಉದ್ಧಾರಕನ ಎದೆ ಹಿಗ್ಗಿತು. “ನನ್ನ ಪುಸ್ತಕ ಇಷ್ಟು ಜನಕ್ಕೆ?”

“ಮತ್ತೆ! ಮೊದಲು ಯಾರದ್ದು ಮೊದಲನೇ ಮನೆ ಅಂತ ಕಾಲರ್ ಹಿಡ್ಕೊಂಡಿದ್ರು. ನಾನೇ ಪರಿಹಾರ ಹೇಳ್ದೆ. ನಮಗೇನು ಹೊಸದಾ ಸಾರ್? ಮದುವೆ ಕಾರ್ಡು ಹಾಕೋ ಹಾಗೇನೇ, ಮ್ಯಾಟರ್ ಒಂದೇ, ಹೆಸರು ಬೇರೆ. ಒಂದೊಂದು ಮನೆಗೆ ಒಂದೊಂದು ಪುಸ್ತಕ. ಅವರವರ ಪುಸ್ತಕದಲ್ಲಿ ಅವರದ್ದೇ ಮೊದಲನೇ ಮನೆ. ಮುತ್ತಾತನ ಹೆಸರನ್ನ ನೀವೇ ಬಿಟ್ಟಿದ್ರಲ್ಲ, ಎಷ್ಟು ಅನುಕೂಲ ಆಯ್ತು ಗೊತ್ತಾ?”

“ಆದ್ರೆ... ಮಿಕ್ಕ ಅಧ್ಯಾಯಗಳು? ಅವು ನಮ್ಮ ಮನೆಯವೇ ಅಲ್ವಾ?”

“ಹುಟ್ಟಿದ್ರು, ಮದುವೆ ಆದ್ರು, ಕೆಮ್ಮಿದ್ರು. ಯಾರ ಮನೇಲಿಲ್ಲ ಸಾರ್? ಛತ್ರಿ ಮರೆತ ಚಿಕ್ಕತಾತ ಕೂಡ ಎಲ್ಲಾ ಮನೆಗೂ ಸರಿಯಾಗಿ ಹೊಂದಿದ!”

ಉದ್ಧಾರಕ ಕೇಳಿಯೇಬಿಟ್ಟ. “ಬರೆದವರು ಅಂತ ಯಾರ ಹೆಸರು ಹಾಕಿದೀರಿ?”

ಯಜಮಾನ ಒಣಗಲು ಹರಡಿದ್ದ ಮುಖಪುಟಗಳನ್ನು ತೋರಿಸಿದ. ಒಂದರ ಮೇಲೆ ಕುಂಬಳಕಾಯಿ ಗಾತ್ರದಲ್ಲಿ ಸಾಹೇಬರ ಹೆಸರು. ಇನ್ನೊಂದರ ಮೇಲೆ ಮೇಷ್ಟ್ರದು, ಪಕ್ಕದಲ್ಲಿ ಅವರ ಡಿಗ್ರಿ. ಮತ್ತೊಂದರ ಮೇಲೆ ಹೆಬ್ಬೆಟ್ಟು ಒತ್ತಿಯೇ ಬದುಕಿದ ದೊಡ್ಡಪ್ಪನದು.

“ಇಷ್ಟು ವರ್ಷ ಸಂಶೋಧನೆ ಮಾಡಿ ಸುಸ್ತಾಗಿತ್ತು ಕಣ್ರೀ” ಎಂದರು ಸಾಹೇಬರು, ಆಗಲೇ ನಂಬಿಕೆ ಬಂದವರಂತೆ.

“ನಮ್ಮನೆ ಪುಸ್ತಕ?” ಉದ್ಧಾರಕನ ದನಿ ಕೀರಲಾಯಿತು. “ನಮ್ಮನೆದಕ್ಕಾದ್ರೂ ನನ್ನ ಹೆಸರೇ ತಾನೇ?”

“ಹಾಕಿದ್ದೆ ಸಾರ್, ದೇವರಾಣೆ. ಅಷ್ಟರಲ್ಲಿ ಇವರು ಬಂದ್ರು.”

ಮಷಿನ್ನಿನ ಹಿಂದಿನಿಂದ ಊರುಗೋಲು ಮೊದಲು ಬಂತು, ಆಮೇಲೆ ಅತ್ತೆ. “ಕತ್ತಲಾಗ್ತಾ ಬಂತು, ತಾತ ಮನೆಗೆ ಬರ್ಲಿಲ್ಲ ಅಂತ ಹುಡುಕ್ಕೊಂಡು ಬಂದೆ ಕಣೋ. ನೋಡಿದ್ರೆ ಎಲ್ಲಾ ಮನೆಯವರೂ ಅವರವರ ಮನೆ ಹಿರೀಕರ ಹೆಸರು ಹಾಕಿಸ್ತಿದಾರೆ. ನಾನೇನು ಸತ್ತಿದೀನಾ?”

“ಅತ್ತೆ! ನಿಮಗೆ ಕನ್ನಡಕ ಹಾಕಿದ್ರೂ ಅಕ್ಷರ ಕಾಣಲ್ಲ!”

“ಅದು ಓದೋಕೆ ಕಣೋ. ಬರೆಯೋಕೆ ಯಾಕೆ ಕನ್ನಡಕ?”

ಎಲ್ಲರೂ ತಲೆಯಾಡಿಸಿದರು. ಉದ್ಧಾರಕನಿಗೆ ಇಪ್ಪತ್ತು ವರ್ಷ ನುಂಗಿದ ದೂರುಗಳೆಲ್ಲಾ ಒಮ್ಮೆಲೇ ಗಂಟಲಿಗೆ ಬಂದವು. ಹೆಸರಂತೂ ಹೋಯಿತು, ಇನ್ನು ಸುಳ್ಳನ್ನು ಯಾರಿಗಾಗಿ ಕಾಯಬೇಕು? ಕಾಗದದ ಗಂಟೊಂದರ ಮೇಲೆ ಹತ್ತಿ ನಿಂತ.

“ಕೇಳ್ರಪ್ಪಾ ಎಲ್ಲಾರೂ! ಇವನು ಸೇನಾನಿನೂ ಅಲ್ಲ, ಯಾರ ತಾತನೂ ಅಲ್ಲ! ಫ್ರೇಮಿನಂಗಡಿ ಸ್ಯಾಂಪಲ್! ಬ್ಯಾಂಡಲ್ಲಿ ಡೋಲು ಬಾರಿಸ್ತಿದ್ದೋನು! ಮೀಸೇನೂ ಸುಳ್ಳು!”

ಮಷಿನ್ನು ನಿಂತಿತು. ಅದೇ ಹೊತ್ತಿಗೆ ಹೊಸ ಗಾಜಿನ ಮುತ್ತಾತನನ್ನು ಎತ್ತಿಕೊಂಡು ಫ್ರೇಮಿನಂಗಡಿಯವನು ಬಾಗಿಲಲ್ಲಿ ಕಾಣಿಸಿಕೊಂಡ.

“ಇಗೋ, ಇವರನ್ನೇ ಕೇಳಿ! ಹೇಳಿ ಸ್ವಾಮಿ, ನಿಜ ಹೇಳಿ!”

ಅಂಗಡಿಯವನು ಗೋಡೆಗೊರಗಿದ ಫ್ರೇಮುಗಳ ಸಾಲನ್ನು ನೋಡಿದ. ಒಂದರ ಅಂಚು ಹುಳ ತಿಂದಿತ್ತು, ಒಂದರ ಗಾಜು ಮಂಜಾಗಿತ್ತು, ಒಂದನ್ನು ದಾರದಲ್ಲಿ ಕಟ್ಟಿದ್ದರು. ಸಾಹೇಬರು ಅಷ್ಟರಲ್ಲಿ, “ಫ್ರೇಮಿನವರಾ? ಒಳ್ಳೇ ಹೊತ್ತಿಗೆ ಬಂದ್ರಿ. ಇವನ್ನೆಲ್ಲಾ ಹೊಸದು ಮಾಡ್ಬೇಕು, ದೊಡ್ಡ ಸೈಜಲ್ಲಿ, ಜರಿ ಬಣ್ಣದ ಅಂಚು” ಎಂದರು.

ಅಂಗಡಿಯವನು ಉದ್ಧಾರಕನ ಕಡೆ ಮರುಕದಿಂದ ತಿರುಗಿದ. “ಸಾರ್ ಬೆಳಗ್ಗೆಯಿಂದ ಬಿಸಿಲಲ್ಲಿ ಓಡಾಡಿದಾರೆ. ಯಾರಾದ್ರೂ ಸ್ವಲ್ಪ ನೀರು ಕೊಡಿ.”

“ಸ್ವಂತ ಮುತ್ತಾತನ್ನ ಡೋಲಿನವನು ಅಂತೀಯಲ್ಲೋ!” ಎಂದು ಅತ್ತೆ ಊರುಗೋಲಿನಿಂದ ಅವನನ್ನು ಗಂಟಿನಿಂದ ಕೆಳಗಿಳಿಸಿದಳು. “ಹೊಟ್ಟೆಕಿಚ್ಚು ರೀ” ಎಂದರು ಮೇಷ್ಟ್ರು. ಮಷಿನ್ನು ಮತ್ತೆ ದಡಬಡಿಸಿತು.

ಮೂಲೆಯಲ್ಲಿ ನೀರಿನ ಲೋಟ ಹಿಡಿದು ಕೂತ ಉದ್ಧಾರಕನ ಪಕ್ಕ ಫ್ರೇಮಿನಂಗಡಿಯವನು ಬಂದು ಕೂತ.

“ಕೋಪ ಮಾಡ್ಕೋಬೇಡಿ ಸಾರ್. ನಮ್ಮ ತಾತನಿಗೆ ಇಷ್ಟು ಮರ್ಯಾದೆ ಸಿಗ್ತಿರೋದು ಇದೇ ಮೊದಲು, ನಾನು ಹ್ಯಾಗೆ ಕೆಡಿಸ್ಲಿ? ನಿಮ್ಮ ಬರವಣಿಗೆ ಮಾತ್ರ ಬಹಳ ಇಷ್ಟ ಆಯ್ತು. ಅದಕ್ಕೇ ಮಧ್ಯಾಹ್ನವೇ ಯಜಮಾನರಿಗೆ ಫೋನ್ ಮಾಡಿ, ನಮ್ಮ ಅಂಗಡಿಗೂ ಒಂದಷ್ಟು ಹಾಕ್ಸಿದೆ. ನೋಡಿ.”

ಯಜಮಾನ ಆಗಲೇ ಕೊಟ್ಟಿದ್ದ ಚೀಲದಿಂದ ತೆಗೆದ ಪುಸ್ತಕದ ಮೇಲೆ ‘ಬರೆದವರು’ ಎಂದಿತ್ತು. ಕೆಳಗೆ ಅಗಲವಾದ ಖಾಲಿ ಜಾಗ. ಯಾರ ಹೆಸರೂ ಇರಲಿಲ್ಲ.

ಉದ್ಧಾರಕನ ಕಣ್ಣು ತುಂಬಿ ಬಂತು. ಲೋಕದಲ್ಲಿ ಒಬ್ಬನಾದರೂ ಇದ್ದಾನಲ್ಲ, ಗೊತ್ತಿದ್ದವನು! ಜೇಬಿನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ತನ್ನ ಹೆಸರಿನ ಮೊದಲ ಅಕ್ಷರಕ್ಕೆ ಮೊನೆ ಊರಿದ.

ಅಂಗಡಿಯವನು ಗಾಬರಿಯಿಂದ ಪುಸ್ತಕ ಕಿತ್ತುಕೊಂಡ.

“ಅಯ್ಯೋ ಸಾರ್, ಏನ್ಮಾಡ್ತಿದೀರಿ! ಇದು ಇನ್ಮೇಲೆ ಪ್ರತಿ ಫ್ರೇಮಿನ ಜೊತೆ ಕೊಡೋದು. ಕೊಂಡೋರು ಮನೆಗೆ ಹೋಗಿ ಅವರವರ ಹೆಸರು ಬರ್ಕೋತಾರೆ. ಸ್ಯಾಂಪಲ್ ಹಾಳು ಮಾಡ್ಬೇಡಿ!”